ಪಂಪ್ ಕೊನೆಯ ಆರೋಪಿ

ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ರೊಟೊವೇಟರ್ ಅರ್ಧಕ್ಕೆ ಎದ್ದು ನಿಂತರೆ, ಅಥವಾ ಎದ್ದದ್ದು ತಾನಾಗಿ ಇಳಿಯತೊಡಗಿದರೆ, ತೋಟದ ಅಂಚಿನಲ್ಲೇ ತೀರ್ಪು ಹೊರಬೀಳುತ್ತದೆ: ‘ಪಂಪ್ ಹೋಯಿತು.’ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಹೆಚ್ಚಿನವರಿಗೆ ಹೆಸರು ಗೊತ್ತಿರುವ ಭಾಗ ಅದೊಂದೇ, ಹಾಗಾಗಿ ತಪ್ಪೂ ಅದರ ತಲೆಗೇ. ರಿಪೇರಿಯ ಕಸುಬು ಬಲ್ಲವರು ಮಾತ್ರ ಪಂಪಿಗೆ ಕೈ ಹಾಕುವುದು ಎಲ್ಲದರ ಕೊನೆಗೆ. ಮೊದಲು ಅವರು ನೋಡುವುದು ಎಣ್ಣೆಯನ್ನು, ಅದರೊಳಗೆ ಸೇರಿಕೊಂಡ ನೀರು, ಗಾಳಿ, ಕಸವನ್ನು. ಸ್ಪ್ಯಾನರ್ ಹಿಡಿಯುವುದು ಈ ವಿದ್ಯೆಯ ಸಣ್ಣ ಪಾಲು. ಯಾವ ಪ್ರಶ್ನೆಯ ನಂತರ ಯಾವ ಪ್ರಶ್ನೆ ಕೇಳಬೇಕು ಎಂಬುದು ದೊಡ್ಡ ಪಾಲು. ಆ ದೊಡ್ಡ ಪಾಲಿಗೆ ನಾವು ಕೂಲಿ ಕೊಡುವುದಿಲ್ಲ, ತೊಂದರೆ ಇರುವುದು ಅಲ್ಲಿಯೇ.

ದಕ್ಷಿಣ ಕನ್ನಡದ ವೇಣೂರಿನ ಸುತ್ತಲೂ ಇದೇ ಕತೆ. ಹೊರಗಿನವರಿಗೆ ವೇಣೂರು ಎಂದರೆ ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ಫಲ್ಗುಣಿ ದಡದಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಮೂರೂ ಕಡೆಯ ಕೃಷಿಕರಿಗೆ ಅದು ಅಡಿಕೆ ತೋಟ, ತಗ್ಗಿನ ಗದ್ದೆ, ಇಳಿಜಾರು ಮಣ್ಣುದಾರಿಗಳ ಸೀಮೆ. ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್. ಆ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ಬುಡಕ್ಕೆ ಪೆಟ್ಟು ಮಾಡದೆ ತಿರುಗಲಾರದು. ಒಂದು ಮೀಟರ್ ಆಸುಪಾಸು ಅಗಲದ, 18ರಿಂದ 25 ಅಶ್ವಶಕ್ತಿಯ ಸಣ್ಣದು ತಿರುಗುತ್ತದೆ. ಹಟ್ಟಿ ಗೊಬ್ಬರ, ಸೊಪ್ಪು, ಅಡಿಕೆ ಗೊನೆ ಹೊರುವುದಕ್ಕೂ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪಿಗೂ, ಏಣೆಲು (ಮುಂಗಾರು) ಗದ್ದೆಯ ಕೆಸರು ಉಳುಮೆಗೂ ಅದೇ. ರಾಜ್ಯ ಸರ್ಕಾರದ ಕೃಷಿ ಯಂತ್ರಧಾರೆ ಯೋಜನೆಯಡಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ನಡೆಸಿದ ಬಾಡಿಗೆ ಕೇಂದ್ರಗಳಿಂದಾಗಿ ಯಂತ್ರ ಕೊಳ್ಳದವರೂ ಯಂತ್ರದ ಉಳುಮೆಗೆ ಒಗ್ಗಿಕೊಂಡರು. ಯಂತ್ರಗಳು ಬಂದಷ್ಟು ಬೇಗ ಅವುಗಳ ರೋಗ ಪತ್ತೆ ಮಾಡುವ ಅಭ್ಯಾಸ ಬರಲಿಲ್ಲ.

ಸಲಕರಣೆ ಎತ್ತುವ ಈ ಹೈಡ್ರಾಲಿಕ್ ವ್ಯವಸ್ಥೆಯನ್ನು, ಅಂದರೆ ಲಿಫ್ಟನ್ನು, ಟ್ರ್ಯಾಕ್ಟರಿನ ಅಂಗವಾಗಿಸಿದವನು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಅವನ ಮೂರು ಕೊಂಡಿಯ ಜೋಡಣೆ ಹೈಡ್ರಾಲಿಕ್ ಜೊತೆಗೂಡಿ 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನಲ್ಲಿ ಬಂದ ಮೇಲೆ ಪ್ರಪಂಚ ಹಿಂದೆ ನೋಡಲಿಲ್ಲ. ತತ್ವ ಸರಳ: ಪಂಪ್ ಎಣ್ಣೆಯನ್ನು ತಳ್ಳುತ್ತದೆ, ಕಂಟ್ರೋಲ್ ವಾಲ್ವ್ ಅದಕ್ಕೆ ದಾರಿ ತೋರಿಸುತ್ತದೆ, ಸಿಲಿಂಡರಿನ ಪಿಸ್ಟನ್ ಮೇಲಿನ ಕೈಗಳನ್ನು ಎತ್ತುತ್ತದೆ, ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಇಳಿಸುವುದಕ್ಕೆ ಪಂಪ್ ಬೇಕಿಲ್ಲ, ಹಿಂದಿನ ಭಾರವೇ ಇಳಿಸಿಕೊಳ್ಳುತ್ತದೆ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಇನ್ನೊಂದು ವಿಶೇಷವಿದೆ. ಹಲವು ಮಾದರಿಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಎಣ್ಣೆಯಲ್ಲಿ ಮುಳುಗಿದ ಬ್ರೇಕ್, ಹೈಡ್ರಾಲಿಕ್ ನಾಲ್ಕಕ್ಕೂ ಒಂದೇ ಎಣ್ಣೆ. ಗೇರಿನ ಹಲ್ಲು ಸವೆದ ಪುಡಿ, ಬ್ರೇಕ್ ಲೈನಿಂಗಿನ ಧೂಳು ನೇರವಾಗಿ ಲಿಫ್ಟಿನ ಬಾಗಿಲಿಗೆ ಬಂದು ನಿಲ್ಲುತ್ತವೆ. ತಡೆಯಲು ಇರುವುದು ಒಂದು ಜಾಲರಿ, ಒಂದು ಫಿಲ್ಟರ್.

ಇಷ್ಟು ಗೊತ್ತಿದ್ದರೆ ಲಕ್ಷಣಗಳೇ ಸಾಕ್ಷಿ ನುಡಿಯುತ್ತವೆ. ಎತ್ತಿದ ರೊಟೊವೇಟರ್ ಎಂಜಿನ್ ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳಿಯುತ್ತಿದೆ ಎನ್ನಿ. ಎಂಜಿನ್ ನಿಂತಾಗ ಪಂಪ್ ತಿರುಗುತ್ತಲೇ ಇಲ್ಲ, ಮೇಲಾಗಿ ಅದು ತನ್ನ ಎತ್ತುವ ಕೆಲಸ ಮುಗಿಸಿಯಾಗಿದೆ. ಸೋರಿಕೆ ಸಿಲಿಂಡರಿನ ಸೀಲಿನಲ್ಲೋ ವಾಲ್ವಿನಲ್ಲೋ ಇರಬೇಕು. ಎತ್ತಿದ್ದು ಇಳಿಯದೇ ನಿಂತರೂ ಪಂಪ್ ನಿರ್ದೋಷಿ: ಸೀಟಿನ ಕೆಳಗಿರುವ, ಇಳಿಯುವ ವೇಗದ ತಿರುಪನ್ನು ಯಾರೋ ಪೂರ್ತಿ ಮುಚ್ಚಿರಬಹುದು. (ಈ ತಿರುಪು ಇದೆ ಎಂಬುದೇ ಗೊತ್ತಿಲ್ಲದ ಮಾಲೀಕರು ಕಡಿಮೆಯಲ್ಲ.) ಅದೇ ಪಂಪಿನ ಎಣ್ಣೆಯಿಂದ ಗೊಬ್ಬರ ತುಂಬಿದ ಟಿಪ್ಪರ್ ಸಲೀಸಾಗಿ ಏಳುತ್ತಿದ್ದು, ಲಿಫ್ಟ್ ಮಾತ್ರ ಏಳದಿದ್ದರೆ ಆಗಲೂ ಹುಡುಕಬೇಕಾದ್ದು ಬೇರೆಡೆ. ಲಿಫ್ಟ್ ನಡುಗುತ್ತ ಏರಿದರೆ, ಪಂಪ್ ಕಿರುಗುಟ್ಟಿದರೆ, ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿ ಸೇರಿದೆ. ತೂತಾದ ಸ್ಟ್ರಾದಲ್ಲಿ ಬೊಂಡ ಹೀರಿದಂತೆ, ಹೀರುವ ಕಡೆಯ ಪೈಪಿನ ಓರಿಂಗ್ ಬಿರಿದರೆ ಎಂಜಿನ್ ಓಡುವಾಗ ಎಣ್ಣೆ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ಬರುತ್ತದೆ. ಹೊರಗೆಲ್ಲ ಒಣಗಿದೆ ಎಂದು ನಂಬಿ ಕೂರುವಂತಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಮಂದವಾಗಿ, ಬಿಸಿಯಾದ ಮೇಲೆ ಚುರುಕಾಗಿ ಎತ್ತಿದರೆ ಜಾಲರಿ ಕಟ್ಟಿರಬಹುದು, ಎಣ್ಣೆ ಅತಿ ದಪ್ಪದ್ದಿರಬಹುದು. ಇದಕ್ಕೆ ತದ್ವಿರುದ್ಧವಾಗಿ ಬೆಳಿಗ್ಗೆ ಚೆನ್ನಾಗಿ ಎತ್ತಿ, ಎಣ್ಣೆ ಬಿಸಿಯಾಗಿ ತೆಳುವಾದಂತೆ ಸೋತರೆ, ಎಣ್ಣೆ ಸರಿಯಾದದ್ದೇ ಆಗಿದ್ದರೆ, ಆಗ ಒಳಗೆ ಸವೆದ ಪಂಪಿನ ಹೆಸರನ್ನು ಎತ್ತಬಹುದು. ಆಗಲೂ ರಿಲೀಫ್ ವಾಲ್ವಿನ ಅಡಿಯಲ್ಲಿ ಕಸ ಸಿಕ್ಕಿ ಅದು ಅರೆ ತೆರೆದಿದೆಯೇ ಎಂದು ಒತ್ತಡದ ಗೇಜ್ ಹಾಕಿ ನೋಡಿದ ಮೇಲೆ.

ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ ನೀರಿನ ಪ್ರಶ್ನೆ ಮೊದಲು ಬರಬೇಕು. ಕೆಸರು ಗದ್ದೆಯಲ್ಲಿ ಆಕ್ಸಲ್ ಸೀಲಿನ ಮಟ್ಟಕ್ಕೆ ನೀರು ಬರುತ್ತದೆ. ಸಂಜೆ ಜೋರು ನೀರು ಹೊಡೆದು ತೊಳೆಯುವಾಗ ಗೇರ್ ಹಿಡಿಕೆಯ ಹರಿದ ರಬ್ಬರು, ಗಾಳಿಕಿಂಡಿ, ಸಡಿಲ ಅಳತೆಕಡ್ಡಿಯ ಮೂಲಕ ಒಳಗಿಳಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಹತ್ತು ನಿಮಿಷದ ಕೆಲಸಕ್ಕೆ ಚಾಲೂ ಮಾಡಿ ನಿಲ್ಲಿಸಿದರೆ ಎಣ್ಣೆ ಬಿಸಿಯೇ ಆಗದೆ ಒಳಗಿನ ಹಬೆ ನೀರಾಗಿ ಉಳಿಯುತ್ತದೆ. ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ಬೇರೆ ಪರೀಕ್ಷೆ ಬೇಡ. ಸಂಶಯವಿದ್ದರೆ ಕಾದ ತಗಡಿನ ಮೇಲೆ ಒಂದೇ ಹನಿ ಬಿಟ್ಟು ದೂರ ನಿಂತರೆ ಸಾಕು, ನೀರಿದ್ದರೆ ಚಟಪಟ ಎನ್ನುತ್ತದೆ. ಬಾಡಿಗೆ ಟಿಪ್ಪರ್ ಟ್ರೈಲರುಗಳ ಲೆಕ್ಕವೂ ಇಲ್ಲೇ ಸೇರುತ್ತದೆ: ಒಂದು ಟ್ರ್ಯಾಕ್ಟರಿನಿಂದ ಇನ್ನೊಂದಕ್ಕೆ ಪೈಪ್ ಬದಲಾಯಿಸುವಾಗ ಹಿಂದಿನವರ ಎಣ್ಣೆಯೂ, ಮುಚ್ಚಳವಿಲ್ಲದ ಕೊಂಡಿಗೆ ಅಂಟಿದ ಮುರಕಲ್ಲಿನ ಧೂಳೂ ಜೊತೆಗೇ ಬರುತ್ತವೆ. ಟಿಪ್ಪರ್ ಎದ್ದಿರುವಾಗ ಅದರ ಸಿಲಿಂಡರ್ ಟ್ರ್ಯಾಕ್ಟರಿನ ಎಣ್ಣೆಯನ್ನೇ ಕುಡಿದಿರುತ್ತದೆ. ಮಟ್ಟ ಮೊದಲೇ ಕಡಿಮೆಯಿದ್ದು ಯಂತ್ರ ಇಳಿಜಾರಿನಲ್ಲಿದ್ದರೆ ಪಂಪಿಗೆ ಸಿಗುವುದು ಗಾಳಿಯೇ.

ಆಕ್ಷೇಪಗಳಿವೆ, ಹಗುರವಾದವಲ್ಲ. ನಾಟಿಯ ಹೊತ್ತಿನಲ್ಲಿ ಒಂದೊಂದೇ ಪ್ರಶ್ನೆ ಕೇಳುತ್ತ ಕೂರಲು ಯಾರಿಗೆ ಪುರುಸೊತ್ತು, ಪಂಪ್ ಬದಲಿಸಿದರೆ ಕೆಲಸ ಮುಗಿಯಿತಲ್ಲ ಎನ್ನುತ್ತಾರೆ. ಆದರೆ ಮೇಲೆ ಹೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಯಾವ ಭಾಗವನ್ನೂ ಬಿಚ್ಚಬೇಕಿಲ್ಲ, ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಕೊಳೆ ಎಣ್ಣೆಗೆ ಕೂರಿಸಿದ ಹೊಸ ಪಂಪ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಸಣ್ಣ ಯಂತ್ರಕ್ಕೆ ತಾಕತ್ತೇ ಇಲ್ಲ ಎನ್ನುವವರೂ ಇದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಈ ವರ್ಗದ ಹಲವು ಟ್ರ್ಯಾಕ್ಟರುಗಳ ಎತ್ತುವ ಸಾಮರ್ಥ್ಯ ಏಳೂವರೆ ನೂರು ಕಿಲೋ ಆಸುಪಾಸು, ಅದೂ ಕೆಳಕೊಂಡಿಯ ತುದಿಯಲ್ಲಿ. ಭಾರ ಹಿಂದಕ್ಕೆ ಚಾಚಿದಷ್ಟೂ ಅದು ಕುಗ್ಗುತ್ತದೆ. ದೊಡ್ಡ ಟ್ರ್ಯಾಕ್ಟರಿನ ಸಲಕರಣೆ ಕಟ್ಟಿ ಎತ್ತಲಿಲ್ಲ ಎಂದರೆ ಲಿಫ್ಟ್ ಕೆಟ್ಟಿದೆ ಎನ್ನಲಾಗದು. ಇಂಥಲ್ಲಿ ರಿಲೀಫ್ ವಾಲ್ವನ್ನು ಬಿಗಿ ಮಾಡಿಸಿಕೊಳ್ಳುವ ಚಾಳಿ ಇದೆ. ಅದರಿಂದ ಸೀಲು, ಪೈಪು, ಕೊನೆಗೆ ಎರಕದ ಕವಚವೇ ಒಡೆಯುವ ಅಪಾಯವಿದೆ.

ಗಟ್ಟಿ ಆಕ್ಷೇಪ ಮೆಕ್ಯಾನಿಕರದ್ದು. ತಿರುಪು ಸಡಿಲಿಸಿ ಲಿಫ್ಟ್ ಸರಿಮಾಡಿದರೆ ಗಿರಾಕಿ ಧನ್ಯವಾದ ಹೇಳಿ ಹೊರಡುತ್ತಾನೆ. ಪಂಪ್ ಬದಲಿಸಿದರೆ ಬಿಲ್ಲು ತುಂಬುತ್ತದೆ. ಭಾಗಕ್ಕೆ ದುಡ್ಡು, ಬುದ್ಧಿಗೆ ಇಲ್ಲ ಎಂದಾದಾಗ ಭಾಗವೇ ಮಾರಾಟವಾಗುವುದು ಸಹಜ. ವೇಣೂರಿನಲ್ಲೇ ಎಸ್‌ಡಿಎಂ ಐಟಿಐ ಇದೆ, ಸುತ್ತಲಿನ ಹುಡುಗರ ಕೈಯಲ್ಲಿ ವಿದ್ಯೆ ಇದೆ; ಒತ್ತಡದ ಗೇಜೂ ಕೈಗೆಟುಕದ ವಸ್ತುವಲ್ಲ. ವರ್ಕ್‌ಶಾಪಿನ ಬಿಲ್ಲಿನಲ್ಲಿ ‘ತಪಾಸಣೆ’ ಎಂದು ಬೇರೆ ಸಾಲು ಇರಲಿ, ಭಾಗ ಬದಲಿಸದಿದ್ದರೂ ಅದರ ಹಣ ಸಲ್ಲಲಿ. ಆ ಹಣಕ್ಕೆ ಪ್ರತಿಯಾಗಿ ಮಾಲೀಕ ಮೂರು ಸಂಗತಿ ಕೇಳಿ ಪಡೆಯಬಹುದು: ಗೇಜ್ ತೋರಿಸಿದ ಒತ್ತಡ, ತೆಗೆದ ಎಣ್ಣೆಯ ಬಣ್ಣ, ಜಾಲರಿಯಲ್ಲಿ ಸಿಕ್ಕಿದ ಕಸ. ತಪಾಸಣೆ ಮಾಡುವವರು ಎತ್ತಿದ ಸಲಕರಣೆಯ ಅಡಿಗೆ ಹೋಗದೆ, ಅದನ್ನು ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸಿಯೇ ಪೈಪ್ ಬಿಚ್ಚಬೇಕು. ಸೂಜಿ ಮೊನೆಯಷ್ಟು ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು: ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋದರೆ ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕಾಗುತ್ತದೆ.