ಶಿಳ್ಳೆಗೆ ತಿರುಗುವ ಹಾಯಿದೋಣಿಗಳು

ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಸಾಗದು. ಅಂಕುಡೊಂಕಾಗಿ ಮುಂದುವರಿಯಲು ದೋಣಿಯ ಮುಂತುದಿ ಗಾಳಿಯ ದಿಕ್ಕನ್ನು ದಾಟುವಂತೆ ಹೊರಳಿಸುವುದೇ 'ಟ್ಯಾಕಿಂಗ್'. ಹಿಂತುದಿ ದಾಟುವಂತೆ ತಿರುಗಿಸುವುದು 'ಜೈಬಿಂಗ್'. ಆಗ ಹಾಯಿಯ ಅಡಿಯ ಅಡ್ಡಕಂಬ, ಅಂದರೆ ಬೂಮ್, ರಭಸದಿಂದ ಬೀಸುವುದರಿಂದ ತಲೆ ತಗ್ಗಿಸದವರಿಗೆ ಪೆಟ್ಟಾಗುವ ಅಪಾಯವಿದೆ.

15 ವರ್ಷದವರೆಗಿನ ಮಕ್ಕಳು ಒಬ್ಬೊಬ್ಬರೇ ನಡೆಸುವ, ಸುಮಾರು 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ದೋಣಿಗಳ ಗುಂಪು ಅಭ್ಯಾಸದಲ್ಲಿ ತರಬೇತುದಾರರ ಒಂದು ಶಿಳ್ಳೆಗೆ ಎಲ್ಲವೂ ಏಕಕಾಲಕ್ಕೆ ತಿರುಗಬೇಕು. ಒಬ್ಬರು ತಡಮಾಡಿದರೂ ಡಿಕ್ಕಿಯಾದೀತು. ಎಡಬದಿಯಿಂದ ಗಾಳಿ ಪಡೆಯುವ ದೋಣಿ, ಬಲಬದಿಯಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕೆಂಬುದು ಅಂತಾರಾಷ್ಟ್ರೀಯ ನಿಯಮ.

ಚುಕ್ಕಾಣಿಯನ್ನು ಥಟ್ಟನೆ ತಳ್ಳಿದರೆ ವೇಗ ಕುಂದುತ್ತದೆ. ಮೆಲ್ಲನೆ ತಿರುಗಿಸಿ, ತಲೆ ತಗ್ಗಿಸಿ, ಬದಿ ಬದಲಿಸಿ ಕುಳಿತು, ಬಳಿಕ ಕೈ ಬದಲಿಸಬೇಕು. ಈ ಕ್ರಮ ರೂಢಿಯಾದ ಮೇಲಷ್ಟೇ ದೃಷ್ಟಿ ಗಾಳಿಯತ್ತ, ನೆರೆಯ ದೋಣಿಗಳತ್ತ ಹರಿಯಬಲ್ಲದು. ಗುಂಪು ಅಭ್ಯಾಸದ ಫಲ ಅದೇ.