ಹಾಳೆ ಬಿದ್ದ ಸದ್ದು

ಮಾರ್ಚ್ ತಿಂಗಳ ಒಂದು ಬೆಳಗ್ಗೆ ತುಳುನಾಡಿನ ಕೊಕ್ಕಡದ ಒಳಗಿನ ಒಂದು ಅಂಗನವಾಡಿಯಲ್ಲಿ ಕೂತಿದ್ದೆ. ಗೋಡೆಯ ತುಂಬ ವಸಂತ. ಥರ್ಮೋಕೋಲಿನ ಮರ, ಮಿನುಗುವ ಫೋಮ್ ಶೀಟಿನ ಹೂ, ಪೇಟೆಯ ಫ್ಯಾನ್ಸಿ ಅಂಗಡಿಯಿಂದ ತಂದ ಚಿಟ್ಟೆ. ಟೀಚರ್ ರಾತ್ರಿ ನಿದ್ದೆಗೆಟ್ಟು ಕತ್ತರಿಸಿ ಅಂಟಿಸಿದ್ದು, ದುಡ್ಡೂ ಅವರ ಕೈಯದ್ದೇ. ಮುಟ್ಟಿದರೆ ಕಿತ್ತು ಬರುತ್ತದೆಂದು ಎಲ್ಲವನ್ನೂ ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿ ಹಚ್ಚಿದ್ದರು. ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಅಡಿಕೆ ಹಾಳೆಯೊಂದು ದೊಪ್ಪನೆ ಬಿತ್ತು. ಹನ್ನೊಂದು ಮಕ್ಕಳೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು.

ಆ ಹನ್ನೊಂದು ಮುಖಗಳು ಮನಸ್ಸಿನಿಂದ ಹೋಗಲಿಲ್ಲ. ಅಂಗನವಾಡಿ ಎಂಬ ಹೆಸರಿನ ಬೆನ್ನು ಹತ್ತಿದ್ದು ಅವುಗಳ ದೆಸೆಯಿಂದಲೇ.

ನಮ್ಮ ಕಡೆಯ ಹಿರಿಯರು ಈಗಲೂ ಅದನ್ನು ಬಾಲವಾಡಿ ಎಂದೇ ಕರೆಯುತ್ತಾರೆ. ಎರಡು ಹೆಸರೂ ಹುಟ್ಟಿದ್ದು ಮಹಾರಾಷ್ಟ್ರದ ಬೋರ್ಡಿ ಎಂಬ ಕಡಲ ತೀರದ ಊರಿನ ಸುತ್ತ. ‘ಅಂಗನ’ ಎಂದರೆ ನಮ್ಮ ಅಂಗಳ, ತುಳುವಿನ ಜಾಲ್. ಅಂಗಳವೇ ಶಾಲೆಯಾದ ಕಥೆ ಅದು.

ಆ ಕಥೆ ಕಟ್ಟಿದ ತಾರಾಬಾಯಿ ಮೋಡಕ್ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಕೆಲಸ ಮಾಡಿದವರು. ಗಿಜುಭಾಯಿ 1920ರಲ್ಲೇ ಅಲ್ಲಿ ಬಾಲಮಂದಿರ ತೆರೆದು, ಮಾಂಟೆಸ್ಸೊರಿ ವಿಧಾನವನ್ನು ನಮ್ಮ ನೆಲಕ್ಕೆ ಒಗ್ಗಿಸಲು ಹೊರಟಿದ್ದರು. 1939ರಲ್ಲಿ ಸ್ವತಃ ಮರಿಯಾ ಮಾಂಟೆಸ್ಸೊರಿ ಮದ್ರಾಸಿನ ಅಡ್ಯಾರಿಗೆ ಬಂದ ಮೇಲೆ ಆ ವಿಧಾನದ ಹೆಸರು ದೇಶದ ತುಂಬ ಹರಡಿತು. ಹೆಸರಿನ ಜೊತೆಗೆ ಸಾಮಾನಿನ ಪೆಟ್ಟಿಗೆಯೂ ಬಂತು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಅಳತೆ ತಪ್ಪದೆ ಕೆತ್ತಿದ ಹತ್ತು ಘನಗಳ ಗುಲಾಬಿ ಗೋಪುರ, ನಯಗೊಳಿಸಿದ ಮರದ ತುಂಡುಗಳು. ಪಟ್ಟಣದ ಮಕ್ಕಳಿಗೆ ಸರಿ. ಹಳ್ಳಿಯಲ್ಲಿ ಅವನ್ನು ಕೊಳ್ಳುವವರು ಯಾರು?

1945ರಲ್ಲಿ ತಾರಾಬಾಯಿ ಬೋರ್ಡಿಗೆ ಹೋದರು. ಅನುತಾಯಿ ವಾಘ್ ಅಲ್ಲಿ ಅವರ ಜೊತೆಯಾದರು. ಬಡವರ ಕೇರಿಯ ಮಕ್ಕಳು ಶಾಲೆಯ ಕಡೆ ಸುಳಿಯಲಿಲ್ಲ. ಮಕ್ಕಳು ಬರದಿದ್ದರೆ ಶಾಲೆಯೇ ಹೋಗಲಿ ಎಂದು ಇಬ್ಬರೂ ಗುಡಿಸಲುಗಳ ಅಂಗಳಕ್ಕೇ ಹೋದರು. ಮೊದಲು ಮೈ ತೊಳೆದು ತಲೆ ಬಾಚುವ ಕೆಲಸ, ಆಮೇಲೆ ಆಟ. ಪೆಟ್ಟಿಗೆಯ ಸಾಮಾನಿನ ಜಾಗಕ್ಕೆ ತೀರದ ಚಿಪ್ಪು, ಬೆಣಚುಕಲ್ಲು, ಬೀಜ, ಎಲೆ ಬಂದವು. ದುಡ್ಡಿಲ್ಲದ ಕಾರಣಕ್ಕೆ ಮಾಡಿಕೊಂಡ ಏರ್ಪಾಡು ಎಂದು ಇದನ್ನು ಕಡೆಗಣಿಸುವಂತಿಲ್ಲ. ಚಿಪ್ಪನ್ನು ಹೆಕ್ಕುವ ಮಗುವೇ ಅದರ ಅಳತೆಯನ್ನೂ ಬಣ್ಣವನ್ನೂ ಹುಡುಕಿ ಹೊಂದಿಸಬೇಕು. ಕೊಂಡು ತಂದ ಪೆಟ್ಟಿಗೆಯಲ್ಲಿ ಆ ಹುಡುಕಾಟ ಮೊದಲೇ ಮುಗಿದಿರುತ್ತದೆ. ನನ್ನ ಮಟ್ಟಿಗೆ ಭಾರತದ ಶಿಶುಶಿಕ್ಷಣದಲ್ಲಿ ಇದಕ್ಕಿಂತ ದೊಡ್ಡ ಶೋಧ ಇನ್ನೊಂದಿಲ್ಲ.

ಮುಂದಿನದ್ದು ಸರ್ಕಾರಿ ದಾಖಲೆಯ ದಾರಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ. ಅಂಗಳದ ಹೆಸರು ಬಂತು, ಮೊಟ್ಟೆ ಬಂತು, ಚುಚ್ಚುಮದ್ದು ಬಂತು, ದಾಖಲೆ ಪುಸ್ತಕಗಳ ರಾಶಿ ಬಂತು. ಅಂಗಳ ಮಾತ್ರ ಹಿಂದೆ ಉಳಿಯಿತು.

ನಮ್ಮ ಜಿಲ್ಲೆಗೆ ಅಂಗಳದಲ್ಲಿ ಕಲಿಯುವ ಮಾತು ಹೊಸತಾಗಿರಲಿಲ್ಲ. ಕೊಕ್ಕಡದಿಂದ ಒಂದು ಗಂಟೆಯ ದಾರಿಯಾದ ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿದ್ದು ಬೋರ್ಡಿಗಿಂತ ಮುಂಚೆ. ಮಕ್ಕಳನ್ನು ಮರದ ಬುಡದಲ್ಲಿ ಬಿಟ್ಟರೆ ತಾವಾಗಿ ಕಲಿಯುತ್ತಾರೆ ಎಂದು ನಂಬಿದ್ದ ಅವರೇ ಕೂತು ‘ಬಾಲ ಪ್ರಪಂಚ’ ಎಂಬ ಮಕ್ಕಳ ವಿಶ್ವಕೋಶದ ಮೂರು ಸಂಪುಟಗಳನ್ನೂ ಬರೆದರು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ‘ನಾಗರ ಹಾವೆ’ಯನ್ನು ನಾವು ಕಲಿತದ್ದು ತೆಂಗಿನ ಗರಿಯ ಹಾವನ್ನು ಕೈಯಲ್ಲಿ ಆಡಿಸುತ್ತ, ಪುಸ್ತಕದಲ್ಲಿ ಆ ಪದ್ಯ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ.

ಪರ್ಲಡ್ಕದ ‘ಅಡ್ಕ’ ಎಂದರೆ ತುಳುವಿನಲ್ಲಿ ಬಯಲು. ಕೊಕ್ಕಡದ ಪಕ್ಕದಲ್ಲೇ ಇನ್ನೊಂದು ಅಡ್ಕವಿದೆ, ಸೌತಡ್ಕ. ಗೋಪಾಲಕರಿಗೆ ಗಣಪತಿಯ ವಿಗ್ರಹ ಸಿಕ್ಕಿ, ಅವರು ಅದನ್ನು ಮರದಡಿಯ ಕಲ್ಲಿನ ಮೇಲಿಟ್ಟು ಬಯಲಲ್ಲಿ ಬೆಳೆದ ಸೌತೆಕಾಯಿಯನ್ನೇ ನೈವೇದ್ಯ ಮಾಡಿದರಂತೆ. ಊರಿಗೆ ಹೆಸರು ಹಾಗೆ ಬಂತು. ಇವತ್ತಿಗೂ ಅಲ್ಲಿ ಗರ್ಭಗುಡಿಯಿಲ್ಲ, ದೇವರು ಬಿಸಿಲು ಮಳೆಗೆ ತೆರೆದೇ ಕೂತಿದ್ದಾನೆ. ಆ ಕಥೆ ಕೇಳಿದಾಗಲೆಲ್ಲ ನನಗೆ ಕಾಣುವುದು ಕೈಗೆ ಸಿಕ್ಕಿದ ಕಾಯಿಯಿಂದ ದೇವರ ಆಟ ಕಟ್ಟುವ ಪುಟ್ಟ ಹುಡುಗರೇ.

ಈ ಊರಿನ ಅಂಗಳದ ಬಗ್ಗೆ ಬರೆಯುವವರು ಗೇರು ತೋಟವನ್ನು ದಾಟಿ ಹೋಗುವಂತಿಲ್ಲ. 1980ರಿಂದ ಸುಮಾರು ಎರಡು ದಶಕ ಕೊಕ್ಕಡ, ಪಟ್ರಮೆ, ನಿಡ್ಲೆಯ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿದರು. ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡಿದ ಮಕ್ಕಳು ಈಗ ನಡುವಯಸ್ಸಿನವರು. ಆ ದಿನಗಳನ್ನು ಅವರು ಹೇಳುವಾಗ ಕೇಳಲಾಗುವುದಿಲ್ಲ. ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿದ್ದು 2011ರಲ್ಲಿ. ಕೊಕ್ಕಡದಲ್ಲಿ ಎಂಡೋ ಪೀಡಿತರ ಪಾಲನಾ ಕೇಂದ್ರವಿದೆ. ಸುಗ್ಗಿ ತಿಂಗಳಲ್ಲಿ ಗೇರುಹಣ್ಣು ಹೆಕ್ಕಿ, ಬೀಜ ತಿರುಚಿ ತೆಗೆದು, ಸಾಲಾಗಿ ಇಟ್ಟು ಗುರಿ ಹೊಡೆಯುವ ಆಟ ಇಲ್ಲಿ ಎಷ್ಟೋ ಮನೆಗಳಲ್ಲಿ ಭಯದಿಂದ ನಿಂತಿತು. ತಾಯಂದಿರು ಬಾಗಿಲು ಹಾಕಿಕೊಂಡದ್ದನ್ನು ಯಾರು ತಪ್ಪು ಎನ್ನಬಲ್ಲರು?

ಆದರೆ ಅಡಿಕೆ ತೋಟದ ಹಾಳೆಗೆ ಏನಾಗಿದೆ? ಹಾಳೆ ಕಳಚಿ ಬಿದ್ದ ಜಾಗದಲ್ಲೇ ಹಿಂಗಾರ ಹೊರಬರುತ್ತದೆ. ನಮ್ಮ ವಸಂತದ ಮೊದಲ ಸದ್ದು ಅದು. ಒಬ್ಬ ಕೂತು ಒಬ್ಬ ಎಳೆದರೆ ಬಂಡಿ, ಮಡಚಿ ಕಟ್ಟಿದರೆ ದೋಣಿ, ಹೊಲಿದರೆ ಮುಟ್ಟಾಳೆ ಎಂಬ ಟೊಪ್ಪಿ. ಈಗ ಅದನ್ನು ತಟ್ಟೆ ಮಾಡುವ ಘಟಕದವರು ಲೆಕ್ಕ ಹಾಕಿ ಒಯ್ಯುತ್ತಾರೆ. ತೋಟದವರಿಗೆ ನಾಲ್ಕು ಕಾಸು ಬರಲಿ, ನನ್ನ ತಕರಾರಿಲ್ಲ. ಮಕ್ಕಳ ಪಾಲಿಗೆ ಎರಡು ಹಾಳೆ ಬಿಡಬಾರದೇ ಎಂಬುದಷ್ಟೇ ನನ್ನ ಸಂಕಟ. ಅತ್ತ ಎಲ್‌ಕೆಜಿ ಮಕ್ಕಳ ಕ್ರಾಫ್ಟ್ ಎಂದರೆ ತಾಯಂದಿರು ರಾತ್ರಿ ಹನ್ನೊಂದಕ್ಕೆ ಅಂಟು ಹಿಡಿದು ಕೂರುವ ಕೆಲಸವಾಗಿದೆ. ಆ ಕೆಜಿಯ, ಅಂದರೆ ಕಿಂಡರ್‌ಗಾರ್ಟನ್ನಿನ, ಜನಕ ಫ್ರೊಬೆಲ್ ಜರ್ಮನಿಯಲ್ಲಿ ಮಕ್ಕಳಿಗೆ ಕೊಟ್ಟ ಕಾಗದದ ಪಟ್ಟಿಯ ಹೆಣಿಗೆಯೂ ನಮ್ಮಲ್ಲಿ ತೆಂಗಿನ ಮಡಲು ಹೆಣೆಯುವಂಥದ್ದೇ, ಒಂದರ ಮೇಲೆ ಒಂದರ ಕೆಳಗೆ.

ಆ ಬೆಳಗ್ಗೆ ಟೀಚರ್ ಹತ್ತಿರ ಇಷ್ಟನ್ನೂ ಹೇಳಲಿಲ್ಲ. “ಒಂದು ಗರಿ ಸಿಗಬಹುದಾ?” ಎಂದು ಕೇಳಿದೆ. ಸಹಾಯಕಿ ಅಕ್ಕ ಬಿಸಿಬೇಳೆ ಇಳಿಸಿಟ್ಟು ಹಿತ್ತಲಿಗೆ ಹೋಗಿ ಎಳೆ ತೆಂಗಿನ ಗರಿ ತಂದರು. ಕಡ್ಡಿಯಿಂದ ಎಲೆಯನ್ನು ಸೀಳಿ, ಕಿರುಬೆರಳಿನಷ್ಟು ಸಪೂರದಿಂದ ಸುತ್ತುತ್ತ ಹೋದರು. ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಸೋರುತ್ತದೆ. ಅಗಲದ ಬಾಯಿಗೆ ಕಡ್ಡಿ ಚುಚ್ಚಿದರು. ಸಪೂರದ ತುದಿಗೆ ಮಡಚಿದ ಎಲೆಚೂರು ಸಿಕ್ಕಿಸಿದರು. ಪೀಪಿ.

ನಾಲ್ಕು ವರ್ಷದ ಹುಡುಗಿಯೊಬ್ಬಳು ತನ್ನದನ್ನು ಸುತ್ತಿದಳು, ಬಿಚ್ಚಿಕೊಂಡಿತು. ಮತ್ತೆ ಸುತ್ತಿದಳು. “ಇಂಚ, ಇಂಚ”, ಹೀಗೆ ಹೀಗೆ, ಎಂದು ಅಕ್ಕ ತೋರಿಸಿದರು, ಕೈ ಮಾತ್ರ ಹಾಕಲಿಲ್ಲ. ಮೂರನೆಯ ಸಲ ಓರೆಯಾಗಿ, ಒಂದು ಕಡೆ ಉಬ್ಬಿಕೊಂಡು ನಿಂತಿತು. ಗಾಳಿಯೇ ಹೆಚ್ಚು, ಸದ್ದು ಒಂದಿಷ್ಟು. ಅವಳು ಅದನ್ನು ಗೋಡೆಯ ಹತ್ತಿರ ಒಯ್ದು ಕಿಟಕಿಯ ಸರಳಿಗೆ ಸಿಕ್ಕಿಸಿದಳು, ತನಗೆ ಎಟುಕುವ ಎತ್ತರದಲ್ಲಿ.

ಮರುದಿನ ಟೀಚರ್ ಫೋನ್ ಮಾಡಿದ್ದರು. ಪೀಪಿ ಒಣಗಿ ಬಾಯಿ ಬಿಟ್ಟಿತ್ತಂತೆ. ಹುಡುಗಿ ಬಂದವಳೇ ಅಕ್ಕನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿದ್ದಾಳೆ, ಇನ್ನೊಂದು ಗರಿ ಬೇಕೆಂದು.