ಕೊಳವೆ ಬಾವಿ ನೀರಿನ ಫ್ಲೋರೈಡ್ ನಿವಾರಣೆ: ಕಾರ್ಖಾನೆಯ ಉಪೋತ್ಪನ್ನಗಳು ಎಷ್ಟು ಉಪಯುಕ್ತ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕೆರೆಗಳೂ ತೆರೆದ ಬಾವಿಗಳೂ ಬತ್ತಿದಂತೆಲ್ಲ ಜನರು ಆಳದ ಕೊಳವೆ ಬಾವಿಗಳನ್ನು ಅವಲಂಬಿಸಬೇಕಾಯಿತು. ಈ ಭಾಗದ ಗಟ್ಟಿಶಿಲೆಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗುತ್ತದೆ. ನೀರಿನಲ್ಲಿ ಕ್ಷಾರ ಹೆಚ್ಚಾಗಿದ್ದು ಸುಣ್ಣದಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು ಕರಗುತ್ತದೆ.

ಹಾನಿ ಏನು?

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ವರೆಗೆ ಮಾತ್ರ. ಇದನ್ನು ಮೀರಿದ ನೀರನ್ನು ಕುಡಿದು ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಬಹಳ ಹೆಚ್ಚಿದ್ದು ಹಲವು ವರ್ಷ ಕುಡಿದರೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಬಂದ ಮೇಲೆ ಇದನ್ನು ವಾಸಿಮಾಡುವ ಔಷಧಿಯಿಲ್ಲ. ಫ್ಲೋರೈಡಿಗೆ ಬಣ್ಣ, ವಾಸನೆ ಇಲ್ಲ. ನೀರನ್ನು ಕಾಯಿಸಿದರೂ ಬಟ್ಟೆಯಲ್ಲಿ ಸೋಸಿದರೂ ಅದು ಹೋಗುವುದಿಲ್ಲ.

ಉಪೋತ್ಪನ್ನಗಳ ಸೋಸುಕ

ಅಲ್ಯೂಮಿನಿಯಂ ಮತ್ತು ಕಬ್ಬಿಣದ ಆಕ್ಸೈಡುಗಳ ಮೇಲ್ಮೈಗೆ ಫ್ಲೋರೈಡ್ ಅಂಟಿಕೊಳ್ಳುತ್ತದೆ. ಬೆಳಗಾವಿಯಂಥ ಕಡೆ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಕೆಂಪು ರಾಡಿಯಲ್ಲಿ ಇವೆರಡೂ ಇರುತ್ತವೆ. ರಾಯಚೂರಿನಂಥ ವಿದ್ಯುತ್ ಸ್ಥಾವರಗಳ ಹಾರುಬೂದಿಯಲ್ಲಿಯೂ ಇವೆ. ಆದ್ದರಿಂದಲೇ ಇವುಗಳನ್ನು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಲಾಗಿದೆ. ಆದರೆ ಹಸಿ ಕೆಂಪು ರಾಡಿ ತೀಕ್ಷ್ಣ ಕ್ಷಾರ. ಬೂದಿಯಿಂದ ಭಾರಲೋಹಗಳು ನೀರಿಗೆ ಇಳಿಯಬಹುದು. ಸಂಸ್ಕರಿಸದೆ ಇವನ್ನು ಮನೆಯ ಮಡಕೆಗೆ ತುಂಬತಕ್ಕದ್ದಲ್ಲ.

ಮನೆಬಳಕೆಗೆ ಯೋಗ್ಯವಾದುದು ಶುದ್ಧ ಅಲ್ಯೂಮಿನಾದಿಂದ ತಯಾರಿಸಿದ ಸಕ್ರಿಯ ಅಲ್ಯೂಮಿನಾ ಹರಳು. ನೀರು ಸ್ವಲ್ಪ ಆಮ್ಲೀಯವಾಗಿದ್ದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ; ಕ್ಷಾರಯುಕ್ತ ನೀರಿನಲ್ಲಿ ಬೇಗ ತುಂಬಿಹೋಗುತ್ತದೆ. ತುಂಬಿದ ಹರಳಿನಿಂದ ಬರುವ ನೀರು ಮೊದಲಿನಷ್ಟೇ ತಿಳಿಯಾಗಿರುವುದರಿಂದ ಮೋಸಹೋಗುವ ಸಂಭವ ಹೆಚ್ಚು. ಹರಳನ್ನು ಕಾಸ್ಟಿಕ್ ಸೋಡಾದಿಂದ ತೊಳೆದು, ಆಮ್ಲದಿಂದ ಸರಿಪಡಿಸಿ ಪುನಃ ಬಳಸಬಹುದು. ಈ ಕೆಲಸವನ್ನು ತರಬೇತಿ ಪಡೆದವರೇ ಮಾಡಬೇಕು.

ನಲ್ಗೊಂಡ ವಿಧಾನ

ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ಈ ವಿಧಾನದಲ್ಲಿ ನೀರಿಗೆ ಸುಣ್ಣ ಮತ್ತು ಪಟಿಕ, ಅಂದರೆ ಆಲಂ, ಬೆರೆಸಿ ಕದಡುತ್ತಾರೆ. ಫ್ಲೋರೈಡ್ ಗಸಿಯೊಡನೆ ತಳ ಸೇರುತ್ತದೆ. ಪಟಿಕದ ಪ್ರಮಾಣ ಆಯಾ ನೀರಿನ ಫ್ಲೋರೈಡ್ ಮತ್ತು ಕ್ಷಾರವನ್ನು ಅನುಸರಿಸಿ ಬದಲಾಗುತ್ತದೆ. ಅಂದಾಜಿನ ಮೇಲೆ ಹಾಕಬಾರದು.

ರೈತರು ಗಮನಿಸಬೇಕಾದ ಅಂಶಗಳು

1. ಪ್ರತಿಯೊಂದು ಕೊಳವೆ ಬಾವಿಯ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿರಿ. ಮಾದರಿಯನ್ನು ಗಾಜಿನ ಬದಲು ಶುಚಿಯಾದ ಪ್ಲಾಸ್ಟಿಕ್ ಸೀಸೆಯಲ್ಲಿ ಕೊಡಿರಿ.

2. ಸೋಸುಕಕ್ಕೆ ಹೋಗುವ ನೀರು, ಹೊರಬರುವ ನೀರು ಎರಡನ್ನೂ ಆಗಾಗ್ಗೆ ಪರೀಕ್ಷಿಸಿರಿ.

3. ಸೋಸಿದ ನೀರನ್ನು ಕುಡಿಯಲು ಮಾತ್ರವಲ್ಲದೆ ಅಡಿಗೆಗೂ ಬಳಸಿರಿ.

4. ಹರಳು ತೊಳೆದ ನೀರು, ಗಸಿ ಮತ್ತು ಶುದ್ಧೀಕರಣ ಘಟಕದ ತ್ಯಾಜ್ಯ ನೀರನ್ನು ಬಾವಿ, ಕೆರೆ ಅಥವಾ ಹೊಲಕ್ಕೆ ಬಿಡಬೇಡಿ.

5. ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಅದರಲ್ಲಿ 800 ಲೀಟರ್ ಕೂಡಿಟ್ಟರೂ ದಿನಕ್ಕೆ 25 ಲೀಟರಿನಂತೆ 32 ದಿನ ಬರುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಟ್ಟು, ತೊಟ್ಟಿಯನ್ನು ಮುಚ್ಚಿಡಿ. ಕುಡಿಯಲು ಕಾಯಿಸಿ ಆರಿಸಿ ಬಳಸಿರಿ.

ಎಲ್ಲರಿಗೂ ಸಾಲುವಷ್ಟು ಒಳ್ಳೆಯ ನೀರು ಇಲ್ಲದಿದ್ದಲ್ಲಿ, ಇರುವುದನ್ನು ಮೊದಲು ಮಕ್ಕಳಿಗೂ ಗರ್ಭಿಣಿಯರಿಗೂ ಮೀಸಲಿಡುವುದು ಸೂಕ್ತ.